ಎರಡು ಕೋಟ್ ಬಣ್ಣಕ್ಕೆ ಬಗ್ಗದ ಹೊಗೆ

ಶಿರಸಿ ಕಡೆಯ ಹಳೆಯ ಮನೆಯಲ್ಲಿ ಮದುವೆಯೋ ಉಪನಯನವೋ ನಿಶ್ಚಯವಾದರೆ ಮೊದಲು ಪುರೋಹಿತರಿಗೆ, ಆಮೇಲೆ ಅಡಿಗೆಯವರಿಗೆ, ಅದರ ಹಿಂದೆಯೇ ಬಣ್ಣದವರಿಗೆ ಫೋನು ಹೋಗುತ್ತದೆ. ಬಣ್ಣದವನು ಬಂದು ಬಚ್ಚಲುಮನೆಗೆ ತಾಗಿದ ಗೋಡೆಯನ್ನು ನೋಡುತ್ತಾನೆ, ಹೆಬ್ಬೆರಳಿನಿಂದ ಒಮ್ಮೆ ಉಜ್ಜುತ್ತಾನೆ, ಕಪ್ಪಾದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, "ಹೆಗಡೇರೆ, ಎರಡು ಕೋಟ್ ಹೊಡೆದ್ರೆ ಎಲ್ಲ ಮುಚ್ಚಿಹೋಗ್ತದೆ" ಎನ್ನುತ್ತಾನೆ. ಮುಚ್ಚಿಹೋಗುವುದೂ ನಿಜ. ಕಾರ್ಯದ ದಿನ ಗೋಡೆ ಫೋಟೊದಲ್ಲಿ ಬೆಳ್ಳಗೇ ಬರುತ್ತದೆ. ಮಳೆ ಹಿಡಿದು ಗೋಡೆ ತೇವ ಕುಡಿದ ಮೇಲೆ ಅದೇ ಜಾಗದಲ್ಲಿ ಕಷಾಯದ ಬಣ್ಣದ ಕಲೆಗಳು ಮೆಲ್ಲಗೆ ಮೇಲೆ ಬರುತ್ತವೆ. ಮತ್ತೊಂದು ಕೋಟ್ ಹೊಡೆದರೆ ಮತ್ತೆ ಬರುತ್ತವೆ. ಆಗ ಬಣ್ಣದ ಕಂಪನಿಗೆ ಒಂದಿಷ್ಟು ಬೈಗುಳ, ಬಣ್ಣದವನಿಗೆ ಒಂದಿಷ್ಟು.

ಇಲ್ಲಿ ಇಬ್ಬರ ತಪ್ಪಿಗಿಂತ ಕಟ್ಟಿಗೆ ಹೊಗೆಯ ಸ್ವಭಾವ ದೊಡ್ಡದು. ನಾವು ಮಸಿ ಎಂದು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಕನಿಷ್ಠ ಎರಡು ವಸ್ತುಗಳಿರುತ್ತವೆ. ಒಂದು, ಶುದ್ಧ ಇಂಗಾಲದ ಅತಿಸೂಕ್ಷ್ಮ ಗುಂಡುಗಳು. ಒಂದೊಂದು ಗುಂಡಿನ ಅಡ್ಡಳತೆ ಕೆಲವು ಹತ್ತು ನ್ಯಾನೋಮೀಟರ್ ಅಷ್ಟೇ. ತಲೆಗೂದಲಿನ ದಪ್ಪದ ಸಾವಿರದ ಒಂದು ಪಾಲಿಗಿಂತ ಕಡಿಮೆ. ಇವು ಒಂದಕ್ಕೊಂದು ಅಂಟಿ ಸರಪಳಿಯಾಗಿ ಗೋಡೆಯ ಮೇಲೆ ಕೂರುತ್ತವೆ. ಇನ್ನೊಂದು, ಪೂರ್ತಿ ಉರಿಯದ ಕಟ್ಟಿಗೆಯಿಂದ ಹೊರಬೀಳುವ ಡಾಂಬರಿನಂಥ ಅಂಟು. ಅದರಲ್ಲಿ ಫೀನಾಲುಗಳಿವೆ, ಆಮ್ಲಗಳಿವೆ, ನೀರಿನಲ್ಲಿ ಕರಗುವ ಕಂದು ಪದಾರ್ಥಗಳಿವೆ. ಒಲೆಯ ಮೇಲೆ ಎದ್ದಾಗ ಆವಿಯಾಗಿದ್ದ ಇದು ತಣ್ಣನೆಯ ಗೋಡೆ ಸಿಕ್ಕೊಡನೆ ಜಿಡ್ಡಾಗಿ ಹಿಡಿದುಕೊಳ್ಳುತ್ತದೆ, ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. ನೀರಿನ ಬಣ್ಣ ಹಚ್ಚಿದಾಗ ಆ ಬಣ್ಣದ ನೀರೇ ಕಂದು ಪದಾರ್ಥವನ್ನು ಕರಗಿಸಿಕೊಂಡು, ಒಣಗುವಾಗ ಮೇಲಕ್ಕೆ ಎಳೆದು ತರುತ್ತದೆ. ಸುಣ್ಣ ಬಳಿದರೂ ಇದೇ ಕಥೆ. ಹಿಂದಿನವರು ಸುಣ್ಣಕ್ಕೆ ಒಂದು ಚಿಟಿಕೆ ನೀಲಿ ಬೆರೆಸುತ್ತಿದ್ದುದು ಆ ಹಳದಿ ಛಾಯೆಯನ್ನು ಕಣ್ಣಿಗೆ ಮರೆಮಾಡುವುದಕ್ಕೆ. ಕಲೆ ಹೋಗುತ್ತಿರಲಿಲ್ಲ, ಕಾಣುತ್ತಿರಲಿಲ್ಲ ಅಷ್ಟೆ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಈ ಅಂಟು ಹೊಗೆಯ ಪಾಲು ಜಾಸ್ತಿ. ಕಾರಣ ಮಳೆ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ದಾಟುವುದು ಇಲ್ಲಿ ಸಾಮಾನ್ಯ ಸಂಗತಿ. ಅಂಥ ಸೀಮೆಯಲ್ಲಿ ಕಟ್ಟಿಗೆ ಎಷ್ಟು ಒಣಗಿಸಿಟ್ಟರೂ ಆಷಾಢದ ಹೊತ್ತಿಗೆ ತೇವ ಹಿಡಿದಿರುತ್ತದೆ. ಒದ್ದೆ ಕಟ್ಟಿಗೆ ಉರಿಯುವುದಕ್ಕಿಂತ ಹೆಚ್ಚಾಗಿ ಹೊಗೆಯಾಡುತ್ತದೆ. ಬಚ್ಚಲ ಒಲೆಗೆ ಹೋಗುವುದಂತೂ ಮನೆಯ ಸುತ್ತ ಸಿಕ್ಕಿದ್ದೆಲ್ಲ: ಅಡಿಕೆ ಸಿಪ್ಪೆ, ಹಾಳೆ, ಸೋಗೆ, ತೆಂಗಿನ ಮಡಲು, ಕುಂಟೆ. ಹಂಡೆಯ ಕೆಳಗೆ ದಿನವಿಡೀ ಕೆಂಡ ಮುಸುಗುಟ್ಟುತ್ತಿರಬೇಕು, ಯಾರು ಯಾವಾಗ ಮಿಂದರೂ ಬಿಸಿನೀರಿರಬೇಕು. ಮುಸುಗುಟ್ಟುವ ಬೆಂಕಿಯೇ ಅಂಟು ಹೊಗೆಯ ತಾಯಿ. ಇದರ ಮೇಲೆ ಅಡಿಕೆ ಸುಗ್ಗಿ ಬೇರೆ. ಚಾಲಿ ಮಾಡುವವರಿಗೆ ಬಿಸಿಲು ಸಾಕು. ಕೆಂಪಡಿಕೆ ಮಾಡುವವರು ಹಸಿ ಅಡಿಕೆ ಸುಲಿದು ಬೇಯಿಸಬೇಕು, ಚೊಗರು ಕುದಿಯಬೇಕು, ರಾತ್ರಿ ಎಷ್ಟು ಹೊತ್ತಾದರೂ ಒಲೆ ಆರುವಂತಿಲ್ಲ. ಬೇಯಿಸುವ ಒಲೆ ಮನೆಯ ಹಿಂಬದಿಯ ಮಾಡಿನಲ್ಲಿದ್ದರೂ ಗಾಳಿ ತಿರುಗಿದ ದಿನ ಹೊಗೆ ನಡುಮನೆಗೆ ಬಾರದಿರುವುದಿಲ್ಲ.

ಹೊಗೆ ಕಡಿಮೆ ಮಾಡುವ ಪ್ರಯತ್ನಗಳಿಗೂ ಈ ಸೀಮೆ ಹೆಸರಾದದ್ದೇ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಆರಂಭಿಸಿದ ಅಪ್ಪಿಕೋ ಚಳವಳಿ ಮುಂದೆ ಉರುವಲು ಉಳಿಸುವ ಒಲೆಗಳ ಪ್ರಚಾರವನ್ನೂ ಕೈಗೆತ್ತಿಕೊಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರ ರೂಪಿಸಿದ, ಹೊಗೆಕೊಳವೆ ಇರುವ ಮೂರು ಪಾತ್ರೆಯ ಅಸ್ತ್ರ ಒಲೆ ಹಳ್ಳಿ ಹಳ್ಳಿಗೆ ಬಂತು. ಗೋಬರ್ ಗ್ಯಾಸಿನ ವಿಷಯದಲ್ಲಿ ಶಿರಸಿ ದೇಶಕ್ಕೇ ಮಾದರಿ ಎನ್ನುವಂತಾಯಿತು. 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ಶಿರಸಿಯ ಗೋಬರ್ ಗ್ಯಾಸನ್ನು ಯಶಸ್ಸಿನ ಕಥೆ ಎಂದೇ ಕರೆದಿದೆ. ಹೀಗೆ ಅಡಿಗೆಮನೆ ಬೆಳ್ಳಗಾಯಿತು. ಬಚ್ಚಲ ಒಲೆ ಮತ್ತು ಅಡಿಕೆ ಒಲೆ ಮಾತ್ರ ಉಳಿದುಕೊಂಡವು. ಆದ್ದರಿಂದ ಇವತ್ತು ಈ ಕಡೆಯ ಮನೆಯಲ್ಲಿ ಮಸಿ ಹಿಡಿದ ಗೋಡೆ ಎಂದರೆ ಹೆಚ್ಚಾಗಿ ಅಡಿಗೆಮನೆಯದಲ್ಲ. ಬಚ್ಚಲಿನ ಆಚೆ ಮಗ್ಗುಲಿನ ಗೋಡೆ, ಮೆತ್ತಿಗೆ ಹತ್ತುವ ಏಣಿಯ ಮೇಲ್ಭಾಗ, ದೇವರ ಮನೆಯ ಮೂಲೆ.

ಮಸಿ ಎಲ್ಲಿ ಕೂರುತ್ತದೆ ಎನ್ನುವುದಕ್ಕೂ ಒಂದು ನಿಯಮವಿದೆ. ಬಿಸಿ ಗಾಳಿಯಲ್ಲಿ ತೇಲುವ ಕಣಗಳು ತಣ್ಣಗಿರುವ ಮೈಯ ಕಡೆಗೆ ಸರಿಯುತ್ತವೆ. ಆದ್ದರಿಂದ ಹೊರಗೋಡೆಯ ಒಳಮೈ, ಕಿಟಕಿಯ ಸರಳು, ಮೊಳೆಯ ತಲೆ ಮೊದಲು ಕಪ್ಪಾಗುತ್ತವೆ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ತೆಗೆದರೆ ಹಿಂದೆ ಅದರದೇ ಆಕಾರದ ಬಿಳಿ ಚೌಕ ಕಾಣುತ್ತದಲ್ಲ, ಆ ಚೌಕವನ್ನು ಅಳಿಸಬೇಡಿ. ಮಸಿ ಎಷ್ಟು ದಪ್ಪ ಕೂತಿದೆ, ಗೋಡೆಯ ಅಸಲು ಬಣ್ಣ ಯಾವುದು, ಉಜ್ಜಿದ್ದು ಸಾಕೋ ಇನ್ನೂ ಬೇಕೋ ಎಂದು ಹೋಲಿಸಿ ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ಗುರುತು ಸಿಗುವುದಿಲ್ಲ.

ಇನ್ನು ಕೆಲಸ. ಮನೆಗಳಲ್ಲಿ ಎಲ್ಲಕ್ಕಿಂತ ಮೊದಲು ಆಗುವ ಅನಾಹುತವೆಂದರೆ ಒದ್ದೆ ಬಟ್ಟೆ. ಮಸಿ ಕಂಡೊಡನೆ ಕೈ ತಾನಾಗಿಯೇ ಬಕೆಟ್ಟಿನ ಕಡೆ ಹೋಗುತ್ತದೆ. ನೀರು ತಾಗಿದ ಮಸಿ ಶಾಯಿಯಾಗುತ್ತದೆ. ಹಳೆಯ ಕಾಲದ ಬರೆಯುವ ಮಸಿಯೂ ದೀಪದ ಕಾಡಿಗೆ, ಅಂಟು, ನೀರು ಸೇರಿಯೇ ಆದದ್ದು. ಶಾಯಿ ಬಣ್ಣದ ಸೂಕ್ಷ್ಮ ರಂಧ್ರಗಳಿಗೆ ಇಳಿದ ಮೇಲೆ ಯಾವ ಸೋಪಿಗೂ ಮೇಲೆ ಬರುವುದಿಲ್ಲ. ಅಜ್ಜಿಯಂದಿರು ದೀಪಾವಳಿಗೆ ಇಲ್ಲಣ ಹೊಡೆಯುವಾಗ ಮೊಮ್ಮಗನಿಗೆ ಹೇಳುತ್ತಿದ್ದ "ತಮಾ, ನೀರು ತಾಗ್ಸಡ, ಮೊದ್ಲು ಒಣಗಿದ್ದೇ ಹೊಡ್ದು ತೆಗಿ" ಎಂಬ ಮಾತು ಇಂದಿನ ಸಂರಕ್ಷಣಾ ತಜ್ಞರೂ ಹೇಳುವ ಮಾತೇ.

ಒಣ ಕೆಲಸ ಮೇಲಿನಿಂದ ಕೆಳಕ್ಕೆ. ಉದ್ದ ಕೋಲಿನ ಪೊರಕೆಯಲ್ಲಿ ಇಲ್ಲಣ ತೆಗೆಯುವಾಗ ಗೋಡೆಗೆ ಬಡಿಯಬಾರದು, ಸುತ್ತಿಕೊಂಡು ಎಳೆಯಬೇಕು. ಆಮೇಲೆ ಮೆತ್ತನೆಯ ಬ್ರಶ್ಶು. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದರ ಬಾಯನ್ನು ಗೋಡೆಗೆ ಒತ್ತದೆ, ಒಂದು ಬೆರಳಿನಷ್ಟು ದೂರದಲ್ಲಿ ಹಿಡಿದು, ಬ್ರಶ್ಶಿನಿಂದ ಎಬ್ಬಿಸಿದ ಮಸಿಯನ್ನು ಅದು ಎಳೆದುಕೊಳ್ಳುವಂತೆ ಮಾಡಬೇಕು. ಮೂಗಿಗೆ ಎನ್-95 ಮುಖಗವಸು, ಕೈಗೆ ಗ್ಲೌಸು ಕಡ್ಡಾಯ. ಇದು ಅತಿ ಎಚ್ಚರಿಕೆಯಲ್ಲ. ಒಂದು ಕಸುಬಿನಿಂದ ಕ್ಯಾನ್ಸರ್ ಬರುತ್ತದೆ ಎಂದು ಜಗತ್ತಿನಲ್ಲಿ ಮೊದಲು ಗುರುತಿಸಿದ್ದೇ ಮಸಿಯ ವಿಷಯದಲ್ಲಿ: 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಹೊಗೆಗೂಡು ಗುಡಿಸುವ ಕೆಲಸದವರಲ್ಲಿ.

ಬ್ರಶ್ಶಿಗೆ ಬಾರದೆ ಉಳಿದ ಪದರಕ್ಕೆ ಪರದೇಶಗಳಲ್ಲಿ ಒಣ ರಬ್ಬರ್ ಸ್ಪಂಜು ಬಳಸುತ್ತಾರೆ. ಅದಕ್ಕೆ ನೀರು ಬೇಡ, ಪುಡಿ ಬೇಡ. ಒಂದೇ ದಿಕ್ಕಿಗೆ ಎಳೆದರೆ ಮಸಿ ಅದರ ರಂಧ್ರಗಳಿಗೆ ಹತ್ತಿಕೊಳ್ಳುತ್ತದೆ, ಮುಖ ಕಪ್ಪಾದ ಮೇಲೆ ಆ ಪದರವನ್ನು ಚಾಕುವಿನಿಂದ ಕತ್ತರಿಸಿ ತೆಗೆದು ಹೊಸ ಮುಖದಿಂದ ಮುಂದುವರಿಯಬಹುದು. ನಮ್ಮ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪಾತ್ರೆ ತಿಕ್ಕುವ ಸ್ಪಂಜು ಇದಲ್ಲ, ಆನ್‌ಲೈನಿನಲ್ಲಿ ತರಿಸಬೇಕಾಗುತ್ತದೆ. ಇದು ಸಿಗುವುದಕ್ಕೆ ಮುಂಚೆ ಜನ ಬಳಸುತ್ತಿದ್ದುದು ಬ್ರೆಡ್ಡು ಮತ್ತು ಹಿಟ್ಟಿನ ಮುದ್ದೆ. ರೋಮಿನ ಸಿಸ್ಟೀನ್ ಚಾಪೆಲ್ಲಿನಲ್ಲಿ ಮೈಕೆಲೆಂಜೆಲೊ ಬರೆದ ಛಾವಣಿಯ ಮೇಣದಬತ್ತಿ ಮಸಿಯನ್ನು 1625ರಲ್ಲಿ ಬ್ರೆಡ್ಡಿನಿಂದ ಒರೆಸಿದ್ದ ದಾಖಲೆಯಿದೆ. ಅಮೆರಿಕದ ಸಿನ್ಸಿನಾಟಿಯ ಕುಟಾಲ್ ಕಂಪನಿ ಕಲ್ಲಿದ್ದಲ ಮಸಿ ಹಿಡಿದ ವಾಲ್‌ಪೇಪರ್ ಉಜ್ಜುವುದಕ್ಕೆಂದು ಹಿಟ್ಟಿನ ಮುದ್ದೆಯೊಂದನ್ನು ಮಾರುತ್ತಿತ್ತು. ಮನೆಗಳಿಗೆ ಗ್ಯಾಸ್ ಬಂದು ಮಸಿ ಇಲ್ಲವಾದ ಮೇಲೆ ಕಂಪನಿ ಮುಳುಗುವ ಹಂತಕ್ಕೆ ಬಂತು. ನರ್ಸರಿ ಶಾಲೆಯೊಂದರ ಶಿಕ್ಷಕಿ ಅದನ್ನು ಮಕ್ಕಳ ಕೈಗೆ ಕೊಟ್ಟು ಆಡಿಸಿದ್ದರಿಂದ ಅದಕ್ಕೆ ಬಣ್ಣ ಸೇರಿ 1956ರಲ್ಲಿ 'ಪ್ಲೇ-ಡೋ' ಎಂಬ ಆಟಿಕೆಯಾಗಿ ಪೇಟೆಗೆ ಬಂತು. ನಮ್ಮ ಮಕ್ಕಳು ಕೈಯಲ್ಲಿ ಹಿಸುಕುವ ಬಣ್ಣದ ಜೇಡಿ ಹುಟ್ಟಾ ಒಂದು ಮಸಿ ಒರೆಸುವ ಮುದ್ದೆ.

ಆದರೆ ಘಟ್ಟದ ಮೇಲಿನ ಮನೆಗೆ ಬ್ರೆಡ್ಡನ್ನೂ ಹಿಟ್ಟನ್ನೂ ನಾನು ಶಿಫಾರಸು ಮಾಡಲಾರೆ. ಬಿರುಕಿನಲ್ಲಿ ಉಳಿದ ಒಂದು ಚೂರು ಪಿಷ್ಟ ಸಾಕು, ಶ್ರಾವಣದಲ್ಲಿ ಅಲ್ಲಿ ಬೂಷ್ಟು ಬೆಳೆದು ಇರುವೆ ಸಾಲು ಹಿಡಿಯುತ್ತದೆ.

ಬೂಷ್ಟಿನ ಮಾತು ಬಂತು. ಮಳೆಗಾಲ ಮುಗಿದ ಮೇಲೆ ಗೋಡೆಯಲ್ಲಿ ಕಾಣುವ ಕಪ್ಪೆಲ್ಲ ಮಸಿಯಲ್ಲ. ಅರ್ಧಕ್ಕರ್ಧ ಕರಿ ಬೂಷ್ಟು. ಎರಡಕ್ಕೂ ಔಷಧ ಬೇರೆ, ಆದ್ದರಿಂದ ಗುರುತು ಹಿಡಿಯಬೇಕು. ಬ್ಲೀಚಿಂಗ್ ಪೌಡರಿನ ತಿಳಿ ದ್ರಾವಣದ ಒಂದು ಹನಿಯನ್ನು ಕಣ್ಣಿಗೆ ಬೀಳದ ಮೂಲೆಯಲ್ಲಿ ಹಚ್ಚಿ ಹತ್ತು ನಿಮಿಷ ಬಿಡಿ. ಬೂಷ್ಟಾದರೆ ಬಣ್ಣ ಬಿಟ್ಟು ಮಸುಕಾಗುತ್ತದೆ. ಮಸಿಯಾದರೆ ಇದ್ದಂತೆಯೇ ಇರುತ್ತದೆ, ಇಂಗಾಲಕ್ಕೆ ಬ್ಲೀಚು ಏನೂ ಮಾಡಲಾರದು. ಮಸಿ ಹೋಗಲೆಂದು ಗೋಡೆಗೆಲ್ಲ ಬ್ಲೀಚಿಂಗ್ ಪೌಡರ್ ಬಳಿಯುವವರು ದುಡ್ಡನ್ನೂ ಮೂಗನ್ನೂ ಸುಟ್ಟುಕೊಳ್ಳುತ್ತಾರೆ. ಅದಕ್ಕೆ ಆಸಿಡ್ಡನ್ನೋ ಅಮೋನಿಯಾ ಇರುವ ಕ್ಲೀನರನ್ನೋ ಬೆರೆಸುವುದಂತೂ ಬೇಡವೇ ಬೇಡ, ಅದರಿಂದ ಹುಟ್ಟುವ ಅನಿಲ ಬಚ್ಚಲಿನಂಥ ಸಣ್ಣ ಕೋಣೆಯಲ್ಲಿ ಪ್ರಾಣಕ್ಕೇ ಎರವಾದೀತು.

ನೀರು ಬಳಸುವ ಘಟ್ಟಕ್ಕೆ ಬಂದಾಗ ಮಸಿಯ ಗುಣಕ್ಕಿಂತ ಅದರ ಕೆಳಗಿನ ಬಣ್ಣದ ಗುಣ ಮುಖ್ಯವಾಗುತ್ತದೆ. ಬಿಳಿ ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ ಗೋಡೆಗೆ ಒತ್ತಿ ನೋಡಿ. ಬಟ್ಟೆಗೆ ಗೋಡೆಯ ಬಣ್ಣವೇ ಬಂದರೆ ಅದು ಸುಣ್ಣ ಅಥವಾ ಹಳೆಯ ಡಿಸ್ಟೆಂಪರು. ಡಿಸ್ಟೆಂಪರ್ ಎಂದರೆ ಸೀಮೆಸುಣ್ಣದ ಪುಡಿ ಮತ್ತು ಅಂಟು. ತೊಳೆದರೆ ಮಸಿಯ ಜೊತೆ ಅದೂ ಇಳಿದುಬರುತ್ತದೆ. ಅಂಥ ಗೋಡೆಗೆ ಒಣ ಕೆಲಸ ಮುಗಿಸಿ, ಉಳಿದ ಪದರವನ್ನು ಕೆರೆದು ತೆಗೆದು ಹೊಸದಾಗಿ ಬಳಿಯುವುದೇ ಮಾರ್ಗ. ಬಟ್ಟೆಗೆ ಬರೀ ಕಪ್ಪು ಬಂದರೆ ಎಮಲ್ಶನ್ನೋ ಎಣ್ಣೆ ಬಣ್ಣವೋ ಇರಬೇಕು, ತೊಳೆಯಬಹುದು.

ತೊಳೆಯುವುದಕ್ಕೆ ಮಸಿಯ ಜಿಡ್ಡನ್ನು ಬಿಡಿಸುವ ಕ್ಷಾರ ಬೇಕು. ಒಂದು ಲೀಟರ್ ಉಗುರುಬೆಚ್ಚನೆಯ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ, ಎರಡು ಹನಿ ಪಾತ್ರೆ ತೊಳೆಯುವ ದ್ರವ, ಇಷ್ಟರಲ್ಲೇ ಹೆಚ್ಚಿನ ಕೆಲಸ ಆಗುತ್ತದೆ. ಎಣ್ಣೆ ಬಣ್ಣದ ಬಾಗಿಲು ಕಿಟಕಿಗೆ ಸೋಡಾ ಬೇಡ. ಕ್ಷಾರ ಅದರ ಹೊಳಪನ್ನು ತಿನ್ನುತ್ತದೆ. ಅಲ್ಲಿಗೆ ಅಂಟುವಾಳದ ನೀರು ಒಳ್ಳೆಯದು. ನಾಲ್ಕಾರು ಕಾಯಿ ಜಜ್ಜಿ ರಾತ್ರಿ ನೆನೆಹಾಕಿ ಬೆಳಿಗ್ಗೆ ಕಿವುಚಿ ಸೋಸಿದರೆ ಬರುವ ನೊರೆ ಜಿಡ್ಡು ಎತ್ತುತ್ತದೆ, ಬಣ್ಣಕ್ಕೆ ಪೆಟ್ಟು ಕೊಡುವುದಿಲ್ಲ. ಬೂದಿ ನೀರನ್ನು ಹಿಂದಿನವರು ಪಾತ್ರೆಗೂ ಬಟ್ಟೆಗೂ ಬಳಸುತ್ತಿದ್ದರು. ಅದೂ ಕ್ಷಾರವೇ, ಆದರೆ ಎಷ್ಟು ತೀಕ್ಷ್ಣ ಎನ್ನುವುದು ಬೂದಿಯಿಂದ ಬೂದಿಗೆ ಬದಲಾಗುವುದರಿಂದ ಬಣ್ಣದ ಗೋಡೆಗೆ ನಂಬಿಕೆಯದಲ್ಲ.

ಒಣ ಕೆಲಸ ಮೇಲಿನಿಂದ ಕೆಳಕ್ಕಾದರೆ ತೊಳೆಯುವುದು ಕೆಳಗಿನಿಂದ ಮೇಲಕ್ಕೆ. ಕೇಳಿದವರಿಗೆಲ್ಲ ಉಲ್ಟಾ ಅನಿಸುತ್ತದೆ. ಮೇಲಿನಿಂದ ಶುರು ಮಾಡಿದರೆ ಕಪ್ಪು ನೀರು ಕೆಳಗಿನ ಒಣ ಮಸಿಯ ಮೇಲೆ ಹರಿದು ದಾರಿ ಕೊರೆಯುತ್ತದೆ, ಆ ಗೀರುಗಳು ಆಮೇಲೆ ಎಷ್ಟು ಉಜ್ಜಿದರೂ ಉಳಿಯುತ್ತವೆ. ಕೆಳಗೆ ಮೊದಲೇ ತೊಳೆದು ಒದ್ದೆಯಾಗಿದ್ದರೆ ಹರಿದ ನೀರು ಹಿಡಿಯುವುದಿಲ್ಲ, ಒರೆಸಿದರೆ ಹೋಗುತ್ತದೆ. ಎರಡು ಬಕೆಟ್ ಇಟ್ಟುಕೊಳ್ಳಬೇಕು, ಒಂದು ಸೋಡಾ ನೀರಿನದು, ಇನ್ನೊಂದು ಬಟ್ಟೆ ಜಾಲಿಸುವುದಕ್ಕೆ. ಕೊನೆಗೆ ಬರೀ ನೀರಿನಲ್ಲಿ ಒರೆಸದಿದ್ದರೆ ಉಳಿದ ಸೋಡಾ ಮೇಲಿನ ಬಣ್ಣವನ್ನು ಹಿಡಿಯಗೊಡುವುದಿಲ್ಲ.

ಇಷ್ಟಾದ ಮೇಲೂ ಕಷಾಯದ ಕಲೆ ಒಳಗೆ ಉಳಿದೇ ಇರುತ್ತದೆ. ಅದಕ್ಕೆ ಬೇಕಾದದ್ದು ನೀರಿಗೆ ಕರಗದ ಒಂದು ಪದರ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅರಗು ಮೂಲದ ಪ್ರೈಮರ್ ಡಬ್ಬಿಗಳೂ ಸಿಗುತ್ತವೆ, ಎಣ್ಣೆ ಮೂಲದ ಪ್ರೈಮರೂ ಆದೀತು. ಬಡಗಿಗಳು ಮರಕ್ಕೆ ಪಾಲಿಶ್ ಹಾಕುವಾಗ ಬಳಸುವುದೂ ಇದೇ ಅರಗು. ಇದನ್ನು ಹಚ್ಚಿ ಒಣಗಿದ ಮೇಲೆ ಹೊಡೆದ ಎರಡು ಕೋಟು ನಿಜವಾಗಿ ಎರಡೇ ಕೋಟಿಗೆ ನಿಲ್ಲುತ್ತದೆ. ಸುಣ್ಣದ ಗೋಡೆಗೆ ಇದು ಸಲ್ಲದು. ಉಸಿರಾಡುವ ಮಣ್ಣಿನ ಗೋಡೆಗೆ ಅರಗಿನ ಪದರ ಹಾಕಿದರೆ ಒಳಗಿನ ತೇವ ಹೊರಬರಲಾರದೆ ಗಾರೆಯನ್ನೇ ಹಪ್ಪಳದಂತೆ ಎಬ್ಬಿಸುತ್ತದೆ. ಚಿತ್ರಗಳಿರುವ ಗೋಡೆಗಂತೂ ಅರಗು ಶತ್ರು. 1920ರ ದಶಕದ ಆರಂಭದಲ್ಲಿ ಹೈದರಾಬಾದಿನ ನಿಜಾಮ ಸರ್ಕಾರ ಕರೆಸಿದ ಇಟಲಿಯ ತಜ್ಞರು ಅಜಂತಾದ ಚಿತ್ರಗಳ ಮೇಲೆ ಅರಗು ಹಚ್ಚಿದರು. ಬಣ್ಣ ಉದುರದಿರಲಿ, ಹೊಳೆಯಲಿ ಎಂದು ಮಾಡಿದ್ದು. ಅದು ಹಳದಿಯಾಗಿ ಕಪ್ಪಾಗಿ, ಆಮೇಲಿನ ತಲೆಮಾರಿನ ಸಂರಕ್ಷಕರಿಗೆ ಅದನ್ನು ಬಿಡಿಸುವುದೇ ದೊಡ್ಡ ಕೆಲಸವಾಯಿತು.

ಚಿತ್ರದ ಗೋಡೆಗಳ ವಿಷಯದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಿಗೆ ಎರಡು ಆಸ್ತಿಗಳಿವೆ. ಒಂದು ಕಾವಿ ಕಲೆ. ಕುಮಟಾ, ಅಂಕೋಲಾ, ಗೋಕರ್ಣದ ಕಡೆಯ ಗುಡಿ ಮನೆಗಳಲ್ಲಿ ಇದು ಹೆಚ್ಚು; ಘಟ್ಟದ ಮೇಲೆ ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳು ಇದಕ್ಕೆ ಹೆಸರಾದವು. ಚಿಪ್ಪಿ ಸುಣ್ಣ, ಮರಳು, ಬೆಲ್ಲದ ನೀರು ಕಲಸಿ ಕೊಳೆಹಾಕಿ ಕುಟ್ಟಿದ ಗಾರೆಯನ್ನು ಗೋಡೆಗೆ ಹಚ್ಚಿ, ಅದರ ಮೇಲೆ ಕೆಮ್ಮಣ್ಣು ಬೆರೆಸಿದ ತೆಳು ಪದರ ಹಾಕಿ, ಹಸಿಯಿರುವಾಗಲೇ ಕಬ್ಬಿಣದ ಮೊನೆಯಿಂದ ಗೀರುತ್ತಾ ಹೋಗುತ್ತಾರೆ. ಗೀರಿದಲ್ಲಿ ಕೆಳಗಿನ ಬಿಳಿ ಕಾಣುತ್ತದೆ, ಉಳಿದದ್ದು ಕೆಂಪು. ಇರುವುದು ಎರಡೇ ಬಣ್ಣ. ಅದರಲ್ಲೇ ಬಳ್ಳಿ, ಹೂವು, ದೇವರು, ಆನೆ. ದೀಪದ ಮಸಿ ಬಂದು ಕೂರುವುದು ಆ ಬಿಳಿಯ ಗೀರಿನ ತಗ್ಗಿನಲ್ಲೇ. ಹತ್ತಿರ ನಿಂತು ನೋಡಿದರೆ ಗೀರಿನ ಒಂದು ಅಂಚು ಮಾತ್ರ ಕಪ್ಪು, ಇನ್ನೊಂದು ಅಂಚು ಬೆಳ್ಳಗೆ ಇರುವುದುಂಟು. ದೀಪವನ್ನು ಯಾವ ಮಗ್ಗುಲಲ್ಲಿ ಇಡುತ್ತಿದ್ದರು ಎಂದು ಅದರಿಂದಲೇ ಊಹಿಸಬಹುದು. ಹೊನ್ನಾವರದ ಲೇಖಕ, ಛಾಯಾಗ್ರಾಹಕ ಡಾ. ಕೃಷ್ಣಾನಂದ ಕಾಮತ್ (1934–2002) ಊರೂರು ತಿರುಗಿ ಈ ಗೋಡೆಗಳನ್ನು ದಾಖಲಿಸಿದ್ದರಿಂದ ಇವತ್ತು ನಮಗೆ ಇದರ ಬಗ್ಗೆ ಇಷ್ಟಾದರೂ ಗೊತ್ತಿದೆ. ಕಾವಿ ಗೋಡೆಗಳಲ್ಲಿ ಬಹುಪಾಲು ಮಸಿಯಿಂದ ಹಾಳಾದವಲ್ಲ, ಜೀರ್ಣೋದ್ಧಾರದಿಂದ ಹಾಳಾದವು. ಕಪ್ಪಾಗಿದೆ ಎಂದು ಸ್ಯಾಂಡ್‌ಪೇಪರ್ ಹಾಕಿದರು, ಅದೂ ಚೆನ್ನಾಗಿ ಕಾಣಲಿಲ್ಲವೆಂದು ಆಯಿಲ್ ಪೇಂಟು ಬಳಿದರು.

ಕಾವಿ ಗೋಡೆ ಎಂದರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕುಡಿದು ಮತ್ತೆ ಕಲ್ಲಾದ ಸುಣ್ಣ. ಅದಕ್ಕೆ ಹುಳಿ ಆಗದು. ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಿಂದಲೋ ಮುರುಗಲ ಹುಳಿಯಿಂದಲೋ ತಿಕ್ಕಿ ಫಳಫಳ ಮಾಡಿ ರೂಢಿಯಾದ ಕೈ, ಅದೇ ಹುಳಿಯನ್ನು ಗೋಡೆಗೂ ತಾಗಿಸಿದರೆ ಸುಣ್ಣ ನೊರೆಗಟ್ಟಿ ಕರಗುತ್ತದೆ, ಮಸಿ ಹೋದಂತೆ ಕಾಣುತ್ತದೆ; ಹೋದದ್ದು ಚಿತ್ರ. ದೇವಸ್ಥಾನದ ಆಡಳಿತದವರು ಮಾಡಬಹುದಾದದ್ದು ಮೆತ್ತನೆ ಬ್ರಶ್ಶಿನ ಒಣ ಕೆಲಸ ಒಂದೇ. ಅದರಾಚೆಗೆ ಹತ್ತಿಯ ಸಣ್ಣ ಉಂಡೆಯಲ್ಲಿ ಇಂಚಿಂಚು ಮಾಡುವ ಕೆಲಸ ಪರಿಣತರದು. ಮೈಸೂರಿನಲ್ಲಿ ರಾಷ್ಟ್ರೀಯ ಸಾಂಸ್ಕೃತಿಕ ಸ್ವತ್ತು ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರವಿದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ. ಸುಣ್ಣ ಬಳಿಯುವ ಟೆಂಡರ್ ಕರೆಯುವ ಮುಂಚೆ ಅಲ್ಲಿಗೊಂದು ಪತ್ರ ಬರೆಯುವುದಕ್ಕೆ ಖರ್ಚಿಲ್ಲ. ಪರಿಣತರ ಕೆಲಸಕ್ಕೂ ತಕರಾರು ತಪ್ಪಿದ್ದಲ್ಲ. ಸಿಸ್ಟೀನ್ ಚಾಪೆಲ್ಲಿನ ಚಿತ್ರಗಳನ್ನು 1980ರಿಂದ 1994ರವರೆಗೆ ತೊಳೆದು ಮುಗಿಸಿದಾಗ ಬಣ್ಣಗಳು ಎಷ್ಟು ಎದ್ದು ಕಂಡವೆಂದರೆ, ಮಸಿಯ ಜೊತೆಗೆ ಮೈಕೆಲೆಂಜೆಲೊ ತಾನೇ ಹಾಕಿದ್ದ ನೆರಳನ್ನೂ ತೊಳೆದುಬಿಟ್ಟಿರಿ ಎಂದು ಕಲಾ ಇತಿಹಾಸಕಾರರು ಜಗಳಕ್ಕೆ ನಿಂತರು. ಆ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ.

ಎರಡನೆಯ ಆಸ್ತಿ ಸಿದ್ದಾಪುರದ ಕಡೆಯ ದೀವರ ಮನೆಗಳ ಹಸೆ ಚಿತ್ತಾರ. ಸಾಗರ, ಸೊರಬದ ಹಾಗೆ ಇಲ್ಲಿಯೂ ಮದುವೆಗೆ ಮುಂಚೆ ಗೋಡೆಗೆ ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚದಿಂದ ಹೆಂಗಸರು ಗೆರೆ ಎಳೆಯುತ್ತಾರೆ. ಬಿಳಿಗೆ ಅಕ್ಕಿ ಹಿಟ್ಟು, ಹಳದಿಗೆ ಗುರಿಗೆ ಕಾಯಿ, ಕಪ್ಪಿಗೆ ಹುರಿದು ಕರಕಲಾದ ಅಕ್ಕಿ. ಭೂಮಿ ಹುಣ್ಣಿಮೆಯ ಭೂಮಣ್ಣಿ ಬುಟ್ಟಿಗೂ ಇದೇ ಬಣ್ಣ, ಇದೇ ಕೈ. ಇದನ್ನು ತೊಳೆಯುವ ಮಾತೇ ಇಲ್ಲ. ಅಕ್ಕಿ ಗಂಜಿಯಲ್ಲಿ ನಿಂತ ಬಣ್ಣ ಒದ್ದೆ ಬೆರಳು ತಾಗಿದರೆ ಸಾಕು, ಎದ್ದು ಬರುತ್ತದೆ. ಮಸಿಯೂ ಕರಕಲು ಅಕ್ಕಿಯ ಕಪ್ಪೂ ಎರಡೂ ಇಂಗಾಲವೇ ಆದ್ದರಿಂದ ಒಂದನ್ನು ತೆಗೆದು ಇನ್ನೊಂದನ್ನು ಉಳಿಸುವ ರಸಾಯನವೂ ಇಲ್ಲ. ಚಿತ್ತಾರದವರು ಇದನ್ನು ಸಮಸ್ಯೆ ಎಂದುಕೊಂಡವರೇ ಅಲ್ಲ. ಹೊಗೆ ಹಿಡಿದು ಮಾಸಿದ ಚಿತ್ತಾರದ ಮೇಲೆ ಹೊಸ ಕೆಮ್ಮಣ್ಣು ಬಳಿದು, ಮುಂದಿನ ಮದುವೆಗೆ ಹೊಸದಾಗಿ ಬರೆಯುತ್ತಾರೆ. ಕಾವಿಗೆ ಅನ್ವಯಿಸುವ ಸಂರಕ್ಷಣೆಯ ನಿಯಮವನ್ನು ಇಲ್ಲಿಗೆ ತಂದರೆ ಅರ್ಥವಿಲ್ಲ. ಹಳೆಯ ಚಿತ್ತಾರ ಉಳಿಯಬೇಕೆಂದು ಆಸೆಯಿದ್ದರೆ ಅಳತೆ ಹಾಕಿ ಫೋಟೊ ತೆಗೆದಿಡಿ, ಬರೆದವರು ಇನ್ನೂ ಇದ್ದರೆ ಮನೆಯ ಹುಡುಗಿಯರನ್ನು ಅವರ ಪಕ್ಕ ಕೂರಿಸಿ. ಗೋಡೆಗೆ ಗಾಜು ಹಾಕಿಸುವುದಕ್ಕಿಂತ ಅದು ಅಗ್ಗ.

ಈಗೀಗ ಹಳೆಯ ಮನೆಗಳು ಹೋಮ್‌ಸ್ಟೇ ಆಗುತ್ತಿವೆ. ಪೇಟೆಯಿಂದ ಬರುವವರಿಗೆ ಹಳೆಯದು ಬೇಕು, ಆದರೆ ಮಸಿ ಬೇಡ. ಹಾಗಾಗಿ ಹಲಸಿನ ಕಂಬ, ಸಾಗವಾನಿಯ ಬಾಗಿಲುವಾಡಗಳಿಗೆ ಕಾಸ್ಟಿಕ್ ಸೋಡಾ ಹಚ್ಚಿ, ಒತ್ತಡದ ನೀರು ಹೊಡೆದು ಬೋಳಿಸುತ್ತಾರೆ. ಮಸಿ ಹೋಗುತ್ತದೆ, ಜೊತೆಗೆ ಮರದ ಮೈಯೂ ರೊಂಯ್ಯನೆ ಎಳೆ ಎದ್ದು ಬರುತ್ತದೆ, ಕೆತ್ತನೆಯ ಮೂಗು ತುಟಿ ಮೊಂಡಾಗುತ್ತವೆ. ಕ್ಷಾರ ತಾಗಿದ ಕೆಲವು ಮರ ಇನ್ನಷ್ಟು ಕಪ್ಪಾಗುವುದೂ ಇದೆ. ಬಣ್ಣ ಬಳಿಯದ ಮರಕ್ಕೆ ಅಂಟುವಾಳದ ನೊರೆ, ಒಣ ಬಟ್ಟೆ, ಆಮೇಲೆ ತೆಳುವಾಗಿ ಎಣ್ಣೆ, ಇಷ್ಟು ಸಾಕು. ನಡುವೆ ಕಪ್ಪು ಉಳಿದರೆ ಉಳಿಯಲಿ.

ಅಟ್ಟದ ಮೇಲಿನ ಪಕಾಸು, ರೀಪುಗಳ ಮಸಿಯನ್ನಂತೂ ಮುಟ್ಟಬೇಡಿ ಎಂದೇ ನನ್ನ ಅಭಿಪ್ರಾಯ. ಗೋಡೆಯಲ್ಲಿ ಕಾಟ ಕೊಡುವ ಅದೇ ಫೀನಾಲು ಅಲ್ಲಿ ಕಾವಲುಗಾರ. ಹೊಗೆ ತಿಂದ ಮರಕ್ಕೆ ಕುಟ್ಟೆ ಹುಳು ಬೇಗ ಬೀಳುವುದಿಲ್ಲವೆಂದೇ ಬಿತ್ತನೆ ಬೀಜದಿಂದ ಹಿಡಿದು ಬೆತ್ತದ ಬುಟ್ಟಿಯವರೆಗೆ ಎಲ್ಲವನ್ನೂ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದರು. ಗ್ಯಾಸು ಬಂದು ಒಲೆ ಆರಿದ ಮನೆಗಳಲ್ಲಿ ಪಕಾಸಿನಿಂದ ಹಿಟ್ಟು ಉದುರುತ್ತಿದೆ ಎಂಬ ದೂರನ್ನು ಬಡಗಿಗಳು ಹೇಳುತ್ತಿರುತ್ತಾರೆ. ಇಲ್ಲಣ ಹೊಡೆದು ಬಿಡಿ, ಮರದ ಮೈಯ ಕಪ್ಪು ಇರಲಿ.

ಇಷ್ಟೆಲ್ಲ ಹೇಳಿದ್ದು ನಿಧಾನವಾಗಿ ವರ್ಷಾನುಗಟ್ಟಲೆ ಕೂತ ಕಟ್ಟಿಗೆ ಹೊಗೆಯ ಬಗ್ಗೆ. ಶಾರ್ಟ್ ಸರ್ಕ್ಯೂಟಿನಿಂದ ಇನ್ವರ್ಟರೋ ಫ್ರಿಜ್ಜೋ ಸುಟ್ಟರೆ ಬರುವ ಮಸಿಯ ಲೆಕ್ಕ ಬೇರೆ. ವಯರಿನ ಪ್ಲಾಸ್ಟಿಕ್ ಉರಿದಾಗ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ, ಅದು ಮಸಿಯ ಜೊತೆ ಮನೆಯೆಲ್ಲ ಹರಡಿ ನಲ್ಲಿ, ಕೀಲು, ಮೊಳೆಗಳನ್ನು ದಿನಗಳಲ್ಲೇ ತುಕ್ಕು ಹಿಡಿಸುತ್ತದೆ. ಅಲ್ಲಿ ತಡ ಮಾಡುವಂತಿಲ್ಲ. ಮೊದಲು ಮೇನ್ ಸ್ವಿಚ್ ತೆಗೆಸಿ,  ವಿಮೆ ಇದ್ದರೆ ಏನನ್ನೂ ಒರೆಸುವ ಮುಂಚೆ ಕೋಣೆ ಕೋಣೆಯ ಫೋಟೊ ತೆಗೆದು, ಫ್ಯಾನು ಹಾಕದೆ ಕಿಟಕಿ ತೆರೆದು, ಲೋಹದ ಸಾಮಾನುಗಳನ್ನು ಮೊದಲ ದಿನವೇ ಒರೆಸಿ ಒಣಗಿಸಬೇಕು; ಗೋಡೆ ಆಮೇಲೆ. ಫ್ಯಾನು ಹಾಕಿದರೆ ಒಂದು ಕೋಣೆಯ ಮಸಿ ಐದು ಕೋಣೆಗೆ ಹಂಚಿಕೆಯಾಗುತ್ತದೆ.

ಉಳಿದ ಮಾಮೂಲಿ ಮಸಿಗೆ ಅವಸರವಿಲ್ಲ, ಕಾಲ ನೋಡಬೇಕು ಅಷ್ಟೆ. ಮಳೆಗಾಲದಲ್ಲಿ ಗೋಡೆ ತೇವವಿರುವಾಗ ಒಣ ಕೆಲಸವೇ ಆಗುವುದಿಲ್ಲ, ಬ್ರಶ್ಶು ತಾಗಿದಲ್ಲೆಲ್ಲ ಮಸಿ ಬಳಿದುಕೊಳ್ಳುತ್ತದೆ. ಸುಗ್ಗಿಯ ನಡುವೆ ಮಾಡಿದರೆ ಬೇಯಿಸುವ ಒಲೆಯ ಹೊಗೆ ಮತ್ತೆ ಬಂದು ಕೂರುತ್ತದೆ. ಅಡಿಕೆ ಬೇಯಿಸಿ ಮುಗಿದು ಒಲೆ ಆರಿದ ಮೇಲೆ, ಮೊದಲ ಗುಡುಗು ಮಳೆಗೆ ಮುಂಚೆ ಸಿಗುವ ಒಣ ತಿಂಗಳುಗಳೇ ಸರಿ. ಹೇಗೂ ಮದುವೆ ಉಪನಯನಗಳ ಹಂಗಾಮೂ ಅದೇ ಆದ್ದರಿಂದ, ಬಣ್ಣದವನಿಗೆ ಫೋನು ಮಾಡುವ ಒಂದು ವಾರ ಮುಂಚೆ ಪೊರಕೆ, ಬ್ರಶ್ಶು ಹಿಡಿದರೆ ಆಯಿತು. ಬಚ್ಚಲ ಒಲೆಯ ಹೊಗೆಕೊಳವೆಯಲ್ಲಿ ಬಿರುಕಿದ್ದರೆ ಅದಕ್ಕೊಂದಿಷ್ಟು ಮಣ್ಣು ಮೆತ್ತುವುದನ್ನೂ ಅದೇ ವಾರದಲ್ಲಿ ಮುಗಿಸಿಕೊಳ್ಳಬಹುದು.